ಟಾಂಕಿಗೆ ಬಿದ್ದ ತೀರ್ಥ

“ಟಾಂಕಿಯೊಳಗ ನೀರು ಹೋತಂದ್ರ ಗಾಡಿ ಖಲಾಸ್!” ಎಂದಳು ಅಂಜುಮ್, ಬಾಯಿ ತುಂಬ ಬಾಳೆಹಣ್ಣು ಇಟ್ಟುಕೊಂಡೇ.

ಗುರುದೇವಿಯ ತುತ್ತು ಕೈಯಲ್ಲೇ ಉಳಿಯಿತು. ರಂಗಂಪೇಟೆಯ ಶಾಲೆಯಲ್ಲಿ ಆಗ ಊಟದ ಬಿಡುವು. ಐದನೆಯ ಕ್ಲಾಸಿನ ಈ ಗೆಳತಿಯರಿಬ್ಬರೂ ಬೇವಿನ ಮರದ ಕೆಳಗೆ ಕೂತಿದ್ದರು. ಅಂಜುಮ್‌ಳ ಅಪ್ಪ ವಹಾಬ ಮಿಸ್ತ್ರಿ, ಗಾಡಿ ರಿಪೇರಿ ಮಾಡುವವರು. ಹಾಗಾಗಿ ಗಾಡಿಯ ಮಾತು ಬಂದರೆ ಅಂಜುಮ್ ತಾನೂ ಅರ್ಧ ಮಿಸ್ತ್ರಿ.

“ಖಲಾಸ್ ಅಂದ್ರ?” ಗುರುದೇವಿ ಮೆಲ್ಲಗೆ ಕೇಳಿದಳು.

“ನೀರು ತಳಕ್ಕ ಹೋಗಿ ಕುಂದ್ರತದ. ಇಂಜಿನ್ ಅದನ್ನ ಕುಡೀತದ. ಆಮ್ಯಾಲ ಢಕ್ ಢಕ್ ಅಂದು ನಿಂತೇ ಬಿಡ್ತದ. ನಿನ್ನಿ ಒಂದು ಬೈಕ್ ಹಿಂಗೇ ಆಗಿತ್ತು, ಅಬ್ಬಾ ಟಾಂಕಿ ಪೂರಾ ಬಿಚ್ಚಿದ್ರು. ಯಾಕ, ಮಾರಿ ಹಿಂಗ್ಯಾಕ ಮಾಡೀದಿ?”

“ಏನಿಲ್ಲ.”

ಏನಿಲ್ಲ ಅಂದುಬಿಟ್ಟರೆ ಆಯಿತೇ? ಆಗಬಾರದ್ದು ಬೆಳಿಗ್ಗೆಯೇ ಆಗಿಹೋಗಿತ್ತು.

ಗುರುದೇವಿಯ ಅವ್ವ ಸುನಿತಾ ಮತ್ತು ಓಣಿಯ ಹೆಂಗಸರು ಕೂಡಿ ಜೋಳದ ಖಡಕ್ ರೊಟ್ಟಿ ಮಾಡುತ್ತಾರೆ. ಅವು ಶಹಾಪುರ, ಯಾದಗಿರಿಯ ಖಾನಾವಳಿಗಳಿಗೆ ಹೋಗುತ್ತವೆ. ಇಷ್ಟು ದಿನ ಬಾಡಿಗೆ ಟೆಂಪೋ ಇತ್ತು. ಅದರ ಡೀಸೆಲ್ ಹೊಗೆ ರೊಟ್ಟಿಗೂ ಹತ್ತುತ್ತಿತ್ತು. ಈಗ ಒಂದು ಕಂಪನಿಯವರು ಪರೀಕ್ಷೆಗೆಂದು ಹೊಸ ಗೂಡ್ಸ್ ಆಟೋ ಕೊಟ್ಟಿದ್ದರು. ಅದು ಎಥೆನಾಲ್ ಗಾಡಿ! ಕಬ್ಬಿನ ಕಾಕಂಬಿ, ತಿನ್ನಲು ಬಾರದ ಮುಗ್ಗಿದ ಕಾಳು, ಇಂಥವುಗಳಿಂದ ತಯಾರಾಗುವ ಎಥೆನಾಲ್ ಅದಕ್ಕೆ ಹಾಕಬೇಕು. ಓಡಿಸುವವಳು ಅವ್ವ. ಊರಲ್ಲಿ ಗಾಡಿ ಓಡಿಸುವ ಅವ್ವ ಬೇರೆ ಯಾರಿಗಿದ್ದಾಳೆ ಹೇಳಿ!

ಆದರೆ ರೊಟ್ಟಿ ಗುಂಪಿನ ಹಿರಿಯಳು ಹಜರಾಬೀಗೆ ಮಾತ್ರ ಧೈರ್ಯವಿರಲಿಲ್ಲ.

“ನೋಡು ಸುನಿತಾ, ದಾರ್ಯಾಗ ಒಂದ್ ಸಲ ನಿಂತ್ರೂ ನಾಳಿಂದ ಮತ್ತ ಬಾಡಿಗಿ ಟೆಂಪೋನೇ.”

“ನಿಲ್ಲಂಗಿಲ್ಲ ಖಾಲಾ,” ಎಂದಿದ್ದಳು ಅವ್ವ.

ಇವತ್ತು ಮೊದಲ ಟ್ರಿಪ್. ಬೆಳಿಗ್ಗೆ ಪೂಜೆಯಾಯಿತು. ಗಾಲಿಗೆ ನಿಂಬೆಹಣ್ಣು, ಸ್ಟೇರಿಂಗಿಗೆ ಹೂವಿನ ಹಾರ, ಗಾಜಿಗೆ ವಿಭೂತಿ. ಎಲ್ಲದಕ್ಕೂ ತೀರ್ಥ ಚಿಮುಕಿಸಿದರು, ಟಾಂಕಿಗೆ ಮಾತ್ರ ಇಲ್ಲ! ಗಾಡಿ ಓಡುವುದೇ ಅದರಿಂದ, ಅದಕ್ಕೇ ಇಲ್ಲವೆಂದರೆ ಇದೆಂಥ ನ್ಯಾಯ ಅನ್ನಿಸಿತು ಗುರುದೇವಿಗೆ. ಎಲ್ಲರೂ ರೊಟ್ಟಿ ಡಬ್ಬಿ ತರಲು ಒಳಗೆ ಹೋದಾಗ, ದೇವರ ಜಗಲಿಯ ಮೇಲಿದ್ದ ಗಾಡಿಯ ಕೀಲಿ ತಂದು ಟಾಂಕಿಯ ಮುಚ್ಚಳ ತೆಗೆದಳು. ಸಣ್ಣ ಗಿಂಡಿಯಲ್ಲಿದ್ದ ತೀರ್ಥವನ್ನೆಲ್ಲ ಭಕ್ತಿಯಿಂದ ಒಳಗೆ ಸುರಿದಳು. ಮುಚ್ಚಳ ಹಾಕಿ, ಅದರ ಮೇಲೆ ಮೂರು ಬೆರಳಿನಿಂದ ವಿಭೂತಿಯನ್ನೂ ಎಳೆದಳು.

ಮಧ್ಯಾಹ್ನದ ಕ್ಲಾಸಿನಲ್ಲಿ ವಿಶ್ವರಾಧ್ಯ ಸರ್ ರೈಲಿನ ಲೆಕ್ಕ ಕೊಟ್ಟರು.

“ಗುರುದೇವಿ, ಈ ರೈಲು ಎಷ್ಟೊತ್ತಿಗಿ ಊರು ಮುಟ್ತದ?”

“ಮುಟ್ಟಂಗಿಲ್ರಿ ಸರ್, ದಾರ್ಯಾಗ ನಿಂತದ!”

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಗುರುದೇವಿಗೆ ಅಳು ಬಂತು. ಗಂಟೆ ಹೊಡೆದದ್ದೇ ತಡ, ಅಂಜುಮ್‌ಳ ಕೈ ಹಿಡಿದು ಓಡಿದಳು. ದಾರಿಯುದ್ದಕ್ಕೂ ಎಲ್ಲ ಹೇಳಿಬಿಟ್ಟಳು.

ಗ್ಯಾರೇಜಿನಲ್ಲಿ ವಹಾಬ ಮಿಸ್ತ್ರಿ ಹುಡುಗಿಯರ ಮಾತು ಕೇಳಿ ಗುರುದೇವಿಯ ಅವ್ವನಿಗೆ ಫೋನ್ ಮಾಡಿದರು. ರಿಂಗಾಯಿತು, ಎತ್ತಲಿಲ್ಲ.

“ಗಾಡಿ ನಡಸುವಾಗ ನಿಮ್ಮವ್ವ ಫೋನ್ ಎತ್ತಂಗಿಲ್ಲ, ಛಲೋನೇ ಮಾಡ್ತಾಳ. ಎಷ್ಟು ಸುರದಿ?”

“ಸಣ್ಣ ಗಿಂಡಿರೀ ಚಾಚಾ. ನಿಂಬಿಹಣ್ಣಿನಷ್ಟು.”

ಮಿಸ್ತ್ರಿ ಗಡ್ಡ ಕೆರೆದುಕೊಂಡರು. “ಪೆಟ್ರೋಲಿನ ಮಿಜಾಜು ನಂಗ ಗೊತ್ತದ. ಈ ಎಥೆನಾಲ್ ನಂಗೂ ಹೊಸದು. ತಡಿ, ಅದನ್ನೇ ಕೇಳೂಣು.”

ಮೊನ್ನೆ ಆ ಗಾಡಿಯ ಪೈಪು ನೋಡುವಾಗ ಹಿಡಿದಿಟ್ಟ ಚೂರು ಎಥೆನಾಲ್ ಅವರ ಹತ್ತಿರ ಇತ್ತು. ಹುಡುಗಿಯರನ್ನು ದೂರ ನಿಲ್ಲಿಸಿ, ಒಂದು ಗಾಜಿನ ಬಾಟಲಿಗೆ ಪೆಟ್ರೋಲ್, ಇನ್ನೊಂದಕ್ಕೆ ಎಥೆನಾಲ್ ಹಾಕಿದರು. ಎರಡಕ್ಕೂ ಚೂರು ನೀರು ಬಿಟ್ಟು ಅಲುಗಾಡಿಸಿದರು.

ಪೆಟ್ರೋಲಿನ ನೀರು ತಳಕ್ಕೆ ಹೋಗಿ ಬೇರೆಯೇ ಕೂತಿತು. ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು. ಎಥೆನಾಲ್ ಬಾಟಲಿಯಲ್ಲಿ ಗೆರೆಯೇ ಇರಲಿಲ್ಲ!

“ನೀರೆಲ್ಲಿ ಹೋತ್ರಿ ಚಾಚಾ?”

“ಎಲ್ಲೂ ಹೋಗಿಲ್ಲ. ಹಾಲಿನ್ಯಾಗ ಕೂಡಿದಂಗ ಇದರಾಗೇ ಕೂಡೇದ.” ಮಿಸ್ತ್ರಿ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ವಾಹ್! ಭಾರಿ ಮಾಲು ಅದ ಬಿಡು ಇದು! ಹಂಗಂತ ಕೊಡ ತಂದು ಸುರೀಬ್ಯಾಡ ಮತ್ತ, ಜಾಸ್ತಿ ಆದ್ರ ಇದೂ ಕೆಡ್ತದ.”

“ಹಂಗಾರ ಅವ್ವನ ಗಾಡಿ ನಿಲ್ಲಂಗಿಲ್ಲಲ್ರಿ?”

“ನಿಲ್ಲಬಾರದು. ಆದ್ರ ಆಕಿ ಬರೋತನಕ ನಾ ಏನೂ ಖಾತ್ರಿ ಹೇಳಂಗಿಲ್ಲ.”

ಗುರುದೇವಿ ರಸ್ತೆಯನ್ನೇ ನೋಡುತ್ತ ನಿಂತಳು. ಬಸ್ಸು ಬಂತು, ಟ್ರ್ಯಾಕ್ಟರ್ ಬಂತು, ಎಮ್ಮೆಗಳೂ ಬಂದವು. ಕೊನೆಗೊಮ್ಮೆ ಹೂವಿನ ಹಾರ ಹಾಕಿಕೊಂಡ ಗಾಡಿ ಬಂತು! ಗುರುದೇವಿಗೆ ಕುಣಿಯಬೇಕು ಅನ್ನಿಸಿತು.

“ಒಂದ್ ಸಲನೂ ಕೆಮ್ಮಲಿಲ್ಲ ನೋಡ್ರಿ ವಹಾಬಣ್ಣ!” ಅವ್ವ ಇಳಿಯುತ್ತಲೇ ಹೇಳಿದಳು. “ಖಾನಾವಳಿಯವ್ರು ರೊಟ್ಟಿ ಮೂಸಿ ನೋಡಿ, ಇವತ್ತು ಡೀಸೆಲ್ ವಾಸನೀನೇ ಇಲ್ಲಲ್ಲ ಅಂದ್ರು!”

ಅಂಜುಮ್ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು: “ಗಾಡಿ ಬಂತಲ್ಲ, ಸುಮ್ನಿರು.”

ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಒರೆಸುತ್ತ ಬೇರೆ ಕಡೆ ನೋಡಿದರು. ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಅವ್ವನ ನಗುಮುಖ ನೋಡುತ್ತ ಸುಮ್ಮನಿರುವುದು ಗುರುದೇವಿಯಿಂದ ಆಗಲಿಲ್ಲ.

“ಅವ್ವಾ, ಟಾಂಕಿಯೊಳಗ ನಾ ತೀರ್ಥ ಸುರದೀನಿ.”

ಅವ್ವ ಬೆಚ್ಚಿ ಬೀಳಲಿಲ್ಲ. “ಗೊತ್ತದ,” ಎಂದಳು.

“ಹೆಂಗ?”

“ಶಹಾಪುರದಾಗ ಎಥೆನಾಲ್ ಹಾಕ್ಸಾಕ ನಿಂತಾಗ ಮುಚ್ಚಳದ ಮ್ಯಾಲ ಈ ಸಣ್ಣ ಬೆರಳಿನ ವಿಭೂತಿ ಗೆರಿ ಕಂಡ್ವು. ಜಗಲಿ ಮ್ಯಾಲಿನ ಗಿಂಡಿ ಖಾಲಿ ಇದ್ದದ್ದು ನೆನಪಾತು. ಎದಿ ಝಲ್ ಅಂತು. ಕಂಪನಿ ಇಂಜಿನಿಯರ್‌ಗೆ ಫೋನ್ ಮಾಡಿದೆ. ಎಥೆನಾಲ್ ಅದ, ಅಷ್ಟಕ್ಕ ಏನಾಗಂಗಿಲ್ಲ, ಹೋಗ್ರಿ ಅಂದ್ರು.”

“ಆಮ್ಯಾಲ ಅಂಜಿಕಿ ಬರಲಿಲ್ಲೇನು?”

“ಗಾಡೀದಲ್ಲ. ನೀ ನಂಗ ಹೇಳ್ತೀಯೋ ಇಲ್ಲೋ ಅಂತ ದಾರಿ ಪೂರಾ ಅದೇ ಚಿಂತಿ.”

ಗುರುದೇವಿ ಹತ್ತಿರ ಸರಿದಳು. ಅವ್ವನ ಸೆರಗು ಹಿಡಿದು ನಿಂತಳು.

ಮನೆಯ ಮುಂದೆ ಹಜರಾಬೀ ಕಾಯುತ್ತಿದ್ದಳು. ಖಾಲಿ ಡಬ್ಬಿಗಳನ್ನು ನೋಡಿದಳು, ಗಾಡಿಯ ಸುತ್ತ ಒಂದು ಸುತ್ತು ಬಂದಳು, ಗಂಟಲು ಸರಿ ಮಾಡಿಕೊಂಡಳು.

“ನಾಳಿಗಿ ಡಬ್ಬಿ ಜಾಸ್ತಿ ಹೇರೂಣೇನು ಸುನಿತಾ?”

ಅವ್ವ ನಗುತ್ತ ಒದ್ದೆ ಅರಿವೆ ಹಿಡಿದು ಗಾಡಿಯ ಧೂಳು ಒರೆಸತೊಡಗಿದಳು. ಬಾಗಿಲು ಒರೆಸಿದಳು, ಗಾಜು ಒರೆಸಿದಳು. ಟಾಂಕಿಯ ಮುಚ್ಚಳದ ಹತ್ತಿರ ಬಂದಾಗ ಅರಿವೆ ಸುತ್ತು ಬಳಸಿ ಹೋಯಿತು. ಮೂರು ಬೆರಳಿನ ವಿಭೂತಿ ಹಾಗೇ ಉಳಿಯಿತು.

“ತಗೋ, ಕೀಲಿ ಜಗಲಿ ಮ್ಯಾಲ ಇಟ್ಟು ಬಾ,” ಎಂದು ಅವ್ವ ಕೈ ಚಾಚಿದಳು.

ಮತ್ತೆ ತನ್ನ ಕೈಗೇ! ಗುರುದೇವಿ ಎರಡೂ ಕೈಯಲ್ಲಿ ಕೀಲಿ ತೆಗೆದುಕೊಂಡು ಒಳಗೆ ಹೋದಳು. ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಇಟ್ಟಳು. ತೀರ್ಥದ ಗಿಂಡಿಯನ್ನು ಮಾತ್ರ ಜಗಲಿಯ ಆಚೆ ತುದಿಗೆ ಸರಿಸಿದಳು.