ನಾಲ್ಕು ಗಂಟೆ ಆರು ನಿಮಿಷ

ಅಡಿವೆಪ್ಪನ ಮಣಿಕಟ್ಟಿನ ಪಟ್ಟಿ ಮೆಲ್ಲಗೆ ಮಿಡಿದು ಹೆಣ್ಣುದನಿಯಲ್ಲಿ ಮಾತಾಡಿತು: "ಈಗ ನಿಮಗೆ ಬೀಡಿ ಬೇಕೆನಿಸುತ್ತಿದೆ. ಒಂದು ಲೋಟ ನೀರು ಕುಡಿಯಿರಿ. ಮೂರು ನಿಮಿಷ ತಡೆಯಿರಿ."

ಡಾ. ನಾಗರತ್ನಾ ಹೊಂಬಳ ಲೋಟ ಮುಂದೆ ಸರಿಸಿದರು. ಆತ ಕುಡಿದ. ಪರದೆಯ ಮೇಲೆ ಏರುತ್ತಿದ್ದ ಕೆಂಪು ಗೆರೆ ಬಾಗಿ ಕೆಳಗಿಳಿಯಿತು.

ಇದು ಹಂಬಲಮಾಪಕ. ಇಸವಿ 2058ರ ಹೊತ್ತಿಗೆ ಗದುಗಿನ ಸಣ್ಣ ದವಾಖಾನೆಗಳಿಗೂ ಬಂದಿತ್ತು. ನರಗಳ ಮಿಡಿತ ಓದಿ ಚಟದ ಸೆಳೆತವನ್ನು ಅದು ಮೊದಲೇ ಪತ್ತೆ ಹಚ್ಚುತ್ತದೆ. ವೈದ್ಯರು ಹೇಳಬೇಕಾದ ಬುದ್ಧಿಮಾತನ್ನೂ ತಾನೇ ಹೇಳುತ್ತದೆ. ಸೆಳೆತಕ್ಕೆ ಕೆಂಪು ಗೆರೆ, ನೆತ್ತರಿಗೆ ಸೇರಿದ ಹೊಗೆಗೆ ಕಪ್ಪು ಗೆರೆ. ವೈದ್ಯರು ಪರದೆ ನೋಡಿ ತಲೆಯಾಡಿಸಿದರೆ ಆಯಿತು. ಬರೀ ತಲೆಯಾಡಿಸುವುದಕ್ಕೆ ಅಷ್ಟು ವರ್ಷ ಓದಿದೆನಲ್ಲ ಎಂದು ನಾಗರತ್ನಾ ಆಗಾಗ ತಮ್ಮನ್ನು ತಾವೇ ಛೇಡಿಸಿಕೊಳ್ಳುತ್ತಿದ್ದರು.

ಅಡಿವೆಪ್ಪನ ವಿಷಯದಲ್ಲಿ ಮಾತ್ರ ನಗುವಂತಿರಲಿಲ್ಲ. ಬೀಡಿಯಿಂದ ಎಡಗಾಲಿನ ರಕ್ತನಾಳಗಳು ಕಟ್ಟಿ ಹೆಬ್ಬೆರಳು ಕಪ್ಪಾಗಿತ್ತು. ಬೀಡಿ ಪೂರ್ತಿ ಬಿಟ್ಟರೆ ಕಾಲು ಉಳಿದೀತು, ಇಲ್ಲದಿದ್ದರೆ ಕತ್ತರಿಸಬೇಕು. ಪಟ್ಟಿ ಕಟ್ಟಿದ ಮೇಲೆ ದಿನದ ಹನ್ನೊಂದು ಬೀಡಿ ಒಂದಕ್ಕೆ ಇಳಿದಿತ್ತು. ಸಂಜೆ ನಾಲ್ಕರ ಆ ಒಂದು ಬೀಡಿ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ.

ನಾಗರತ್ನಾ ವಾರದ ದಾಖಲೆಯನ್ನು ಹಿಗ್ಗಿಸಿ ನೋಡಿದರು. ಕೆಂಪು ಗೆರೆ ಕೆಳಗಿಳಿದದ್ದು ನಾಲ್ಕು ಗಂಟೆ ಆರು ನಿಮಿಷಕ್ಕೆ. ಕಪ್ಪು ಗೆರೆ ಎದ್ದದ್ದು ನಾಲ್ಕು ಗಂಟೆ ಎಂಟು ನಿಮಿಷಕ್ಕೆ. ಮಿಲ್ಲಿಗೆ ಹೋದ ಆರೂ ದಿನ ಹೀಗೆಯೇ. ಹೊಗೆ ಒಳಗೆ ಹೋಗುವ ಮೊದಲೇ ಬಯಕೆ ತೀರಿಹೋಗುವುದೆಂದರೇನು? ಅವರಿಗೆ ಕುತೂಹಲ ತಡೆಯಲಾಗಲಿಲ್ಲ. ಯಂತ್ರದ ದನಿ ನಿಲ್ಲಿಸಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಡಿವೆಪ್ಪನವರ, ನಾಲ್ಕು ಗಂಟೆಗೆ ಬೀಡಿ ಹಚ್ಚೂಕಿಂತ ಮೊದಲ ಏನ್ ಮಾಡ್ತೀರಿ?"

"ಏನಿಲ್ರೀ ಡಾಕ್ಟರ್ ಬಾಯಾರ. ನಮ್ದು ಹತ್ತಿ ಮಿಲ್ಲು. ಒಳಗ ಕಡ್ಡಿಪೆಟ್ಟಿಗಿ ಒಯ್ಯಂಗಿಲ್ಲ. ಗೇಟಿನಾಗ ವಾಚಮನ್ ಕಡೆ ಒಂದ ಇರತೈತಿ. ಚಾ ಕುಡಿಯೂ ಹೊತ್ತಿಗೆ ಹೋಗಿ ಕೈ ಚಾಚಬೇಕು, ಅಂವ ಕೊಡ್ತಾನ."

"ವಾಚಮನ್ ಯಾರು?"

ಅಡಿವೆಪ್ಪ ಕಾಲಿನ ಕಡೆ ನೋಡುತ್ತ ಹೇಳಿದ. "ನಮ್ಮಣ್ಣರೀ. ಫಕೀರಪ್ಪ. ಮಾತು ಬಿಟ್ಟು ಏಳು ವರ್ಷ ಆತು. ನನ್ನ ಮಗಳ ಮದುವ್ಯಾಗ ಆಯೇರಿ ಮಾಡೂ ಗದ್ದಲದಾಗ ಬೀಗರಿಗೆಲ್ಲಾ ಬಟ್ಟಿ ಕೊಟ್ಟು, ಅಣ್ಣನ ಧೋತರ ಮರತಬಿಟ್ಟೆ. ಉಣ್ಣದ ಎದ್ದು ಹೋದ. ಆದರ ಬೆಂಕಿ ಕೇಳಿದ್ರ ಯಾರೂ ಇಲ್ಲ ಅನ್ನಂಗಿಲ್ರೀ. ಅವನ ಕೈಯಿಂದ ನನಗ ಬರೂದು ಅದೊಂದ."

ನಾಲ್ಕು ಗಂಟೆ ಆರು ನಿಮಿಷಕ್ಕೆ ಈತನ ಕೈಗೆ ಬರುತ್ತಿದ್ದದ್ದು ಅಣ್ಣನ ಕಡ್ಡಿಪೆಟ್ಟಿಗೆ. ನಾಗರತ್ನಾಗೆ ಸಂಕಟವಾಯಿತು. ಎರಡು ತಿಂಗಳಿಂದ ಯಂತ್ರವೂ ತಾವೂ ಸೇರಿ ಈ ಮನುಷ್ಯನಿಗೆ ಹೇಳಿದ್ದೇ ಹೇಳಿದ್ದು, ಕೇಳಿದ್ದು ಇವತ್ತೇ.

"ನಾಳೆ ಬೀಡಿ ಒಯ್ಯಬ್ಯಾಡ್ರಿ. ಬರೇ ಕೈ ಚಾಚ್ರಿ."

"ಬೀಡಿ ಇಲ್ದ ಬೆಂಕಿ ತಗೊಂಡು ಏನ್ ಮಾಡ್ಲಿ?"

"ಅದನ್ನ ನಿಮ್ಮಣ್ಣ ಕೇಳ್ಲಿ."

ಮುಂದಿನ ವಾರ ಕಪ್ಪು ಗೆರೆ ನೆಲಕ್ಕೆ ಅಂಟಿತ್ತು. ಅಡಿವೆಪ್ಪನ ಹಿಂದೆ ಖಾಕಿ ಅಂಗಿಯ ಮುದುಕನೊಬ್ಬ ಒಳಗೆ ಬಂದು, ಸುಟ್ಟು ಬೊಬ್ಬೆಯೆದ್ದ ಬೆರಳ ತುದಿ ತೋರಿಸಿದ. ಫಕೀರಪ್ಪ.

"ವಾರ ಪೂರ್ತಿ ಇಂವ ಪೆಟ್ಟಿಗಿ ಇಸ್ಕೊಂಡು ಹಂಗ ತಿರುಗಿ ಕೊಟ್ಟ. ಇವತ್ತ ನಾನ ಕಡ್ಡಿ ಗೀರಿ ಹಿಡದೆ ಬಾಯಾರ. 'ಬೀಡಿ ಎಲ್ಲೋ?' ಅಂದೆ. 'ಬಿಟ್ಟೆ, ಇಲ್ಲಂದ್ರ ಕಾಲ ತೆಗೀತಾರಂತ' ಅಂದ. ಕಡ್ಡಿ ಕೈಯಾಗ ಉರದು ಹೋಗಿದ್ದ ಗೊತ್ತಾಗಲಿಲ್ಲ ನೋಡ್ರಿ. ನಂದೂ ದಿನಕ್ಕ ಒಂದು ಕಟ್ಟು ಬೀಡಿ ಐತಿ. ನನಗೂ ಆ ಪಟ್ಟಿ ಕಟ್ರಿ."

ಕಟ್ಟಿದರು. ಸ್ವಲ್ಪ ಹೊತ್ತಿನ ಮೇಲೆ ನಾಗರತ್ನಾ ಹೊರಗೆ ಇಣುಕಿದಾಗ ಅಣ್ಣತಮ್ಮಂದಿರು ಬೆಂಚಿನ ಮೇಲೆ ಕುಳಿತಿದ್ದರು. ಅಡಿವೆಪ್ಪ ಮಗಳ ಮದುವೆಯ ಆ ದಿನದ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದ. ಅಷ್ಟರಲ್ಲಿ ಅಣ್ಣನ ಪಟ್ಟಿ ಮಿಡಿದು ಶುರುಮಾಡಿತು: "ಈಗ ನಿಮಗೆ ಬೀಡಿ ಬೇಕೆನಿಸುತ್ತಿದೆ..."

ಫಕೀರಪ್ಪ ಅದರ ಮೇಲೆ ಅಂಗೈ ಒತ್ತಿದ. "ಸ್ವಲ್ಪ ಸುಮ್ನಿರವಾ ತಾಯಿ," ಎಂದ, "ನಮ್ಮ ತಮ್ಮ ಮಾತಾಡಾಕತ್ತಾನ."