ಮೊಂಡು ಚಾಕಿನ ಊರು

ರಂಗರಾಜುವಿನ ಹೆಣ ತೆಂಗಿನ ತೋಟದ ಕಾಲುವೆಯಲ್ಲಿ ಬಿದ್ದಿತ್ತು. ಹೊಟ್ಟೆಗೆ ಇರಿತ. ನೀರು ಬಿಡಲು ಬಂದ ಪಕ್ಕದ ತೋಟದ ಮರುಳಪ್ಪ ಬೆಳಿಗ್ಗೆ ಮೊದಲು ಕಂಡಿದ್ದ.

ಸಬ್ ಇನ್‌ಸ್ಪೆಕ್ಟರ್ ವನಜಾ ಕಾಲುವೆಗಿಳಿದು ಗಾಯ ನೋಡಿದಳು. ಶೆಟ್ಟಿಕೆರೆ ಪಕ್ಕದ ಈ ಹಟ್ಟಿಯಲ್ಲಿ ಇರಿತ ಆಗಬಾರದಿತ್ತು. ಹಿಂದಿನ ವರ್ಷ, 2003ರಲ್ಲಿ, ಮದುವೆ ಊಟದ ಜಗಳದಲ್ಲಿ ಅಡುಗೆಮನೆ ಚಾಕು ಒಬ್ಬನ ಜೀವ ತೆಗೆದಿತ್ತು. ಈರುಳ್ಳಿ ಹೆಚ್ಚಲು ಅಲಗು ಸಾಕಲ್ಲ, ಮೊನೆ ಯಾಕೆ ಎಂದು ವನಜಾ ಮನೆಮನೆ ತಿರುಗಿದ್ದಳು. ಸಾಣೆ ಹಿಡಿಯುವ ಮುದುಕ ನೂರ್ ಅಹಮದ್‌ನನ್ನು ಕರೆಸಿ ಎಲ್ಲರ ಚಾಕಿನ ಮೊನೆ ಉಜ್ಜಿಸಿ ಮೊಂಡು ಮಾಡಿಸಿದ್ದಳು. ಇಲ್ಲಿ ಫಲ ಕೊಟ್ಟರೆ ತಾಲ್ಲೂಕಿಗೆಲ್ಲ ಇದೇ ಆದೇಶ ಎಂದು ಮೇಲಿನವರು ತಲೆಯಾಡಿಸಿದ್ದರು. ಆಮೇಲೆ ಜಗಳಗಳಾದವು, ಇರಿತ ಆಗಲಿಲ್ಲ. ಇವತ್ತಿನವರೆಗೆ.

ಊರಿನವರು ಒಂದೇ ಹೆಸರು ಹೇಳಿದರು. ಮೊನೆಯಿರುವ ಚಾಕು ಉಳಿದಿದ್ದು ನೂರ್ ಅಹಮದ್ ಪೆಟ್ಟಿಗೆಯಲ್ಲಿ ಮಾತ್ರ. ಒಳ್ಳೇ ಚಾಕು ಕೆಡಿಸಿದೆ ಎಂದು ರಂಗರಾಜು ಅವನನ್ನು ಸಂತೆಯಲ್ಲಿ ಬಾಯಿಗೆ ಬಂದಂತೆ ಬೈದಿದ್ದನಂತೆ. ಸರ್ಕಲ್ ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನದೊಳಗೆ ಮುದುಕ ಲಾಕಪ್ಪಿನಲ್ಲಿದ್ದ.

*

ಡಾಕ್ಟರು ಎರಡು ಗುರುತು ತೋರಿಸಿದರು. ಒಂದು ಆಳವಾದ ಗಾಯ. ಕೆಳಗಿನಿಂದ ಮೇಲಕ್ಕೆ ಹೋಗಿತ್ತು, ಚಾಕುವಿಗಿಂತ ಅಗಲವಿತ್ತು. ಪಕ್ಕದಲ್ಲೇ ಬೆರಳಗಲದ ನೀಲಿ ಕಲೆ. ಅಲ್ಲಿ ಚರ್ಮ ಹರಿದಿರಲಿಲ್ಲ.

"ಮೊದಲು ಯಾವುದೋ ಮೊಂಡು ವಸ್ತುವಿನಿಂದ ತಿವಿದಿದ್ದಾರೆ ಕಣ್ರೀ" ಎಂದರು.

ವನಜಾ ಊರಿನಿಂದ ತರಿಸಿದ್ದ ಚಾಕುವೊಂದನ್ನು ಕಲೆಯ ಮೇಲೆ ಹಿಡಿದಳು. ಸರಿಯಾಗಿ ಕೂತಿತು. ಅವಳೇ ಮೊನೆ ತೆಗೆಸಿದ ಚಾಕು. ಪೆಟ್ಟಿಗೆಯಲ್ಲಿ ಮೊನೆ ಚಾಕು ಇಟ್ಟುಕೊಂಡವನು ಮೊಂಡು ಚಾಕು ಹುಡುಕಿಕೊಂಡು ಹೋಗುತ್ತಾನೆಯೇ? ಕೊಂದವನು ಊರಿನವನೇ. ಆದರೆ ಆ ಆಳದ ಗಾಯ ಮಾಡಿದ್ದು ಯಾವುದು?

*

ತೋಟಕ್ಕೆ ಅಂಟಿಕೊಂಡಿದ್ದು ರಂಗರಾಜುವಿನ ಅಣ್ಣ ಕಾಟಪ್ಪನ ಮನೆ. ಅಣ್ಣತಮ್ಮಂದಿರಿಗೆ ಒಂದೇ ಬೋರ್‌ವೆಲ್. ಕರೆಂಟು ಬಂದಾಗ ನೀರಿನ ಸರದಿ ಯಾರದು ಎಂದು ದಿನಾ ಕಿತ್ತಾಟ.

ಅಂಗಳದಲ್ಲಿ ಸಿಪ್ಪೆಯ ರಾಶಿ. ನಡುವೆ ಕಾಯಿ ಸುಲಿಯುವ ಹಾರೆ, ಸೊಂಟದೆತ್ತರಕ್ಕೆ, ಮೊನೆ ಮೇಲಾಗಿ ನೆಟ್ಟಿತ್ತು. ಮೊನೆಗೆ ಒಂದು ಸಿಪ್ಪೆಕಾಯಿ ಸಿಗಿಸಿತ್ತು. ಸುಲಿಯುವುದು ಮುಗಿದ ಮೇಲೆ ಯಾರಿಗೂ ಚುಚ್ಚದಿರಲಿ ಎಂದು ಈ ಸೀಮೆಯಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ದಿನಾ ಕಣ್ಣೆದುರಿಗೇ ಇದ್ದದ್ದನ್ನು ವನಜಾ ಇವತ್ತು ನೋಡಿದಳು. ಇರುವೆಗಳು ಹಾರೆ ಹತ್ತಿ ಕಾಯಿಯೊಳಕ್ಕೆ ಹೋಗುತ್ತಿದ್ದವು.

ಕಾಯಿ ಕೀಳಿಸಿದಳು. ತೂತಿನೊಳಗಿನ ನಾರು ರಕ್ತ ಕುಡಿದು ಕಪ್ಪಾಗಿತ್ತು. ಕಾಟಪ್ಪ ತೊಳೆದದ್ದು ಕಾಯಿಯ ಕೆಳಗಿನ ಕಬ್ಬಿಣವನ್ನು ಮಾತ್ರ.

ಅವನು ಕುಸಿದು ಕೂತು ಎಲ್ಲ ಹೇಳಿದ. ನೀರಿನ ಜಗಳಕ್ಕೆ ರೇಗಿ ಅಡುಗೆಮನೆ ಚಾಕು ತಂದು ತಮ್ಮನ ಹೊಟ್ಟೆಗೆ ತಿವಿದಿದ್ದ. ಒಳಗೆ ಹೋಗಲಿಲ್ಲ. ರಂಗರಾಜು ನಕ್ಕುಬಿಟ್ಟ.

"'ಮೇಡಮ್ಮನ ಚಾಕು ಕಣಣ್ಣ, ಇನ್ನೊಂದ್ಸಲ ಚುಚ್ಚು' ಅಂದ. ಆ ನಗು ತಡಿಯಕ್ಕಾಗ್ನಿಲ್ಲ."

ಹಾರೆಯ ಕಾಯಿ ಕಿತ್ತೆಸೆದು ತಮ್ಮನನ್ನು ಅದರ ಮೇಲಕ್ಕೆ ನೂಕಿದ್ದ. ಮೊನೆಗೆ ಮತ್ತೆ ಕಾಯಿ ಸಿಗಿಸಿ, ಆಮೇಲೆ ಹೆಣವನ್ನು ಕಾಲುವೆಗೆ ಎಳೆದಿದ್ದ.

"ಹೆಣ ಎಳೆಯೋಕೆ ಮೊದಲೇ ಕಾಯಿ ಸಿಗಿಸಿದ್ದೀರಿ. ಯಾಕೆ?" ಎಂದು ವನಜಾ ಕೇಳಿದಳು.

ಕಾಟಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಕ್ಳು ಓಡಾಡೋ ಜಾಗ ಮೇಡಂ. ಹಂಗೇ ಬುಡಕ್ಕಾಯ್ತದಾ?"

*

ಸಂಜೆ ನೂರ್ ಅಹಮದ್‌ನನ್ನು ಬಿಟ್ಟರು. ತಪ್ಪಾಯಿತು ಎಂದು ವನಜಾ ಕೈ ಮುಗಿದಳು. ಅವನು ಸಾಣೆಯ ಚಕ್ರ ಹೆಗಲಿಗೇರಿಸಿಕೊಂಡು, ನಾಳೆಯಿಂದ ತಾಲ್ಲೂಕಿನ ಬೇರೆ ಊರುಗಳ ಚಾಕುಗಳನ್ನೂ ಉಜ್ಜಬೇಕಾ ಎಂದು ಕೇಳಿದ.

ವನಜಾಗೆ ಅಳು ಬಂತು. ಚಾಕು ಅವಳ ಮಾತು ಉಳಿಸಿತ್ತು, ಒಳಗೆ ಹೋಗಿರಲಿಲ್ಲ. ಹಾರೆಯನ್ನು ಮೊಂಡು ಮಾಡಿದರೆ ಈ ಸೀಮೆಯಲ್ಲಿ ಒಂದು ಕಾಯಿಯನ್ನೂ ಸುಲಿಯಲಾಗುವುದಿಲ್ಲ.

"ಬೇಡ ಸಾಬ್ರೆ, ಮನೆಗೆ ಹೋಗಿ" ಎಂದಳು.