ಮೆಲ್ಲ ಹೋದ ಮೀನಿನ ಟೆಂಪೊ

"ಮೊಟ್ಟೆ ತಿಂಬರ್ ಅಂದ್ರಿ ಅಲ್ದಾ? ಇನ್ನೊಂದ್ ಸಲ ಹೇಳಿ ಕಾಂಬ! ಪೊಲೀಸ್ರ ಎದ್ರಿಗೇ ಹೇಳಿ!"

"ಹೇಳ್ತೆ! ನಂಗೆ ಹೆದ್ರಿಕೆ ಎಂತ? ಕಡ್ಲಾಮೆ ಮೊಟ್ಟೆ ರುಚಿ ಗೊತ್ತಿದ್ದರ್ ಈ ಕರಾವಳಿಯಗೆ ಯಾರಂದೇಳಿ ಕೇಳ್ಕಂಡ್ ಬಾ, ಹೋಗ್!"

"ನಿಮ್ಮ ಹೋಟ್ಲಗೇ ಯಾರೋ ಆಮ್ಲೆಟ್ ಮಾಡಿರ್ಕ್, ಮೊದ್ಲ್ ಅಲ್ ಕಾಣಿ!"

ಮಾರ್ಚ್ ಮೂರು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಬೈಂದೂರಿನ ಠಾಣೆಯೊಳಗೆ ಕಾಲಿಟ್ಟ ಇನ್‌ಸ್ಪೆಕ್ಟರ್ ಚಂದಯ್ಯ ಟೋಪಿ ತೆಗೆದು ಮೇಜಿನ ಮೇಲೆ ಬಡಿದರು.

"ಇಬ್ರೂ ಬಾಯಿ ಮುಚ್ಚಿ. ಇದು ಠಾಣೆ, ಮೀನ್ ಮಾರ್ಕೆಟ್ ಅಲ್ಲ."

"ಮೀನ್ ಮಾರ್ಕೆಟ್ಟಗೆ ಇಷ್ಟ್ ಸುಳ್ಳ್ ಹೇಳ್ರೆ ಗಿರಾಕಿ ತಿರ್ಗಿ ಬತ್ತ್ರಿಲ್ಲೆ ಸಾರ್" ಎಂದಳು ಹೆಂಗಸು.

ಅವಳು ಕಮಲ. ಗಂಗೊಳ್ಳಿಯ ಹತ್ತಿರದ ಮಡಿಕಟ್ಟೆ ಎಂಬ ಮೀನುಗಾರರ ಕೇರಿಯವಳು, ಮೀನು ಮಾರಿ ಬದುಕುವವಳು. ಎದುರಿಗೆ ನಿಂತಿದ್ದವರು ಲೀಲಾಧರ ಶೆಟ್ಟರು. ಮುಂಬಯಿಯಲ್ಲಿ ಹೋಟೆಲು ನಡೆಸಿ, ಈಗ ಶಿರೂರಿನ ಕಡಲ ದಂಡೆಯಲ್ಲಿ ರೆಸಾರ್ಟ್ ಕಟ್ಟಿಕೊಂಡವರು. 'ಹಸಿರಲೆ' ಎಂಬ ಟ್ರಸ್ಟಿನ ಅಧ್ಯಕ್ಷರು ಕೂಡ.

ಟ್ರಸ್ಟಿನ ಕೆಲಸ ಸುಳ್ಳಲ್ಲ. ಹೊರಗಿನ ದಾನಿಗಳು ಕೊಡುವ ಹಣದಲ್ಲಿ ಶೆಟ್ಟರು ಪ್ರತಿವರ್ಷ ಕರಾವಳಿಯ ಹುಡುಗ ಹುಡುಗಿಯರಿಗೆ ಶಿಬಿರ ನಡೆಸುತ್ತಿದ್ದರು. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ನೀರುನಾಯಿ, ಹಕ್ಕಿ, ಕಡಲಾಮೆ ಎಲ್ಲವನ್ನೂ ಹತ್ತಿರದಿಂದ ತೋರಿಸಿ ಕಲಿಸುತ್ತಿದ್ದರು. ಒಂದು ಪೈಸೆ ಕೇಳುತ್ತಿರಲಿಲ್ಲ. ಚಂದಯ್ಯನವರ ತಂಗಿಯ ಮಗಳೂ ಅಲ್ಲಿಗೆ ಹೋಗಿ ಬಂದಿದ್ದಳು. ಆಮೇಲೆ ಅವಳ ಮನೆಯಲ್ಲಿ ಏಡಿ ಸಾರು ಮಾಡಬೇಕಾದರೆ ಭಾಷಣ ಕೇಳಿಯೇ ಮಾಡಬೇಕಿತ್ತು.

ಜನವರಿ ಕೊನೆಯಲ್ಲಿ ಒಂದು ಕಡಲಾಮೆ ಮಡಿಕಟ್ಟೆಯ ದಂಡೆಯ ಮರಳಿನಲ್ಲಿ, ಊರವರ ಮಾತಿನ ಹೊಯಿಗೆಯಲ್ಲಿ, ಮೊಟ್ಟೆ ಇಟ್ಟು ಹೋಗಿತ್ತು. ಕಂಡವರು ಕೇರಿಯ ಹುಡುಗರು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಟ್ರಸ್ಟಿನವರು ಅಂದೇ ಬೆಳಿಗ್ಗೆ ಆ ಮೊಟ್ಟೆಗಳನ್ನು ರೆಸಾರ್ಟಿನ ಮುಂದಿನ ದಂಡೆಗೆ ಒಯ್ದು, ಬಲೆಯ ಬೇಲಿ ಕಟ್ಟಿ ಹೂತಿದ್ದರು. ಮಾರ್ಚ್ ಹದಿನಾರಕ್ಕೆ ದಾನಿಗಳು ಪೇಟೆಯ ಶಾಲೆಗಳ ಮಕ್ಕಳೊಂದಿಗೆ ಬರುವವರಿದ್ದರು. ಮರಿಗಳು ಕಡಲಿಗಿಳಿಯುವುದನ್ನು ಅವರಿಗೆ ತೋರಿಸಬೇಕಿತ್ತು. ಭಾನುವಾರ ಮಧ್ಯಾಹ್ನ ನೋಡಿದರೆ ಗುಂಡಿ ಖಾಲಿ. ಮಡಿಕಟ್ಟೆಯವರೇ ಕದ್ದು ತಿಂದಿದ್ದಾರೆ, ನಾಳೆ ಬೆಳಿಗ್ಗೆ ಠಾಣೆಗೆ ದೂರು ಕೊಡುತ್ತೇನೆ ಎಂದು ಶೆಟ್ಟರು ವಾಟ್ಸಾಪ್ ಗುಂಪಿನಲ್ಲಿ ಬರೆದರು. ಅದನ್ನು ಓದಿಸಿಕೊಂಡ ಕಮಲ ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದಿದ್ದಳು.

"ಬಲೆಗೆ ಆಮೆ ಬಿದ್ರೆ ಬಲೆ ಕೊಯ್ದ್ ಬಿಡುವರ್ ಸಾರ್ ನಾವ್. ನನ್ನ ಮಗ್ಳ್ ಮೋಕ್ಷಿತಾ ಇವ್ರ ಟ್ರಸ್ಟಗೇ ಕೆಲ್ಸ ಮಾಡುದ್. ಅವ್ಳ ಫೋಟೊ ತೋರ್ಸಿ ದುಡ್ಡ್ ಕೇಂಬುಕಾತ್ತ್, ಅವ್ಳ ಕೇರಿಯರ್ ಮಾತ್ರ ಕಳ್ರಾ?"

"ಮೋಕ್ಷಿತನ ಸುದ್ದಿ ಬೇಡ. ಅವ್ಳ್ ಚಿನ್ನದಂಥ ಹುಡುಗಿ. ನಾನ್ ಹೇಳಿದ್ ಉಳ್ದವ್ರ ಸುದ್ದಿ" ಎಂದರು ಶೆಟ್ಟರು.

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಕಳ್ಳತನದ ಜೊತೆಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕಾನೂನಿನಲ್ಲಿ ಕಡಲಾಮೆ ಹುಲಿಯ ಸಾಲಿನಲ್ಲೇ ಇರುವ ಪ್ರಾಣಿ. ಅದರ ಮೊಟ್ಟೆ ಮುಟ್ಟಿದರೆ ಜೈಲು.

ಮಧ್ಯಾಹ್ನ ರೆಸಾರ್ಟಿನ ದಂಡೆಯಲ್ಲಿ ಪಂಚನಾಮೆ. ಉಪವಲಯ ಅರಣ್ಯಾಧಿಕಾರಿ ಕೌಶಲ್ ಬಂದಿದ್ದರು. ಮಹಿಳಾ ಕಾನ್‌ಸ್ಟೆಬಲ್ ಪ್ರಣೀತಾ ಬರೆದುಕೊಳ್ಳುತ್ತಿದ್ದಳು. ಕಾವಲಿನವನನ್ನು ಕೇಳಿದರೆ, ಭಾನುವಾರ ನಸುಕಿನಲ್ಲಿ ಹಾಲಿನ ಗಾಡಿಗೆ ಗೇಟು ತೆಗೆಯಲು ಹೋಗಿದ್ದೆ ಎಂದ. ಕಡಲ ಕಡೆಗೆ ಗೇಟಿಲ್ಲ, ಯಾರೂ ಬರಬಹುದು.

ಬೇಲಿಯ ಬಲೆಯನ್ನು ಹರಿದಿರಲಿಲ್ಲ. ಒಂದು ಮೂಲೆ ಬಿಚ್ಚಿ, ಮತ್ತೆ ಕಟ್ಟಲಾಗಿತ್ತು. ಚಂದಯ್ಯ ಬಗ್ಗಿ ಗಂಟನ್ನು ಎಳೆದು ನೋಡಿದರು. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವರ ಮನೆಯಲ್ಲಿ ಹುಟ್ಟಿದವರು ಅವರು.

"ಬಲೆ ಹೆಣೆಯುವವರ ಗಂಟು."

"ನೋಡಿದ್ರಾ! ನಾನ್ ಹೇಳಿರ್ಲಿಲ್ವಾ?" ಶೆಟ್ಟರು ಕೈ ಚಾಚಿದರು.

"ಶೆಟ್ರೆ, ಸ್ವಲ್ಪ ಹೊತ್ತು ಸುಮ್ಮನಿರಿ. ಕೌಶಲ್, ಚಿಪ್ಪಿನ ಚೂರು?"

"ಒಂದೂ ಇಲ್ಲ."

"ನಾಯಿ, ನರಿ?"

"ಹೆಜ್ಜೆ ಇಲ್ಲ. ಹಾರೆಯೂ ತಾಗಿಲ್ಲ. ಕೈಯಲ್ಲೇ ಅಗೆದಿದ್ದಾರೆ."

"ಅಗೆದ ಹೊಯಿಗೆ ಎಲ್ಲಿ?"

ಕೌಶಲ್ ಸುತ್ತ ನೋಡಿದರು. ಗುಂಡಿ ಇತ್ತು, ಪಕ್ಕದಲ್ಲಿ ಗುಡ್ಡೆ ಇರಲಿಲ್ಲ. ಕಡಲ ದಂಡೆಯಿಂದ ಹೊಯಿಗೆ ಕದಿಯುವ ಹುಚ್ಚ ಯಾರು?

"ತಿನ್ನುವವನಿಗೆ ಹೊಯಿಗೆ ಎಂತಕ್ಕೆ?" ಚಂದಯ್ಯ ಕೇಳಿದರು.

"ತಿನ್ನುವವನಿಗೆ ಬೇಡ. ಮೊಟ್ಟೆ ಬದುಕಿಸುವವನಿಗೆ ಬೇಕು. ಅದೇ ತೇವದ ಹೊಯಿಗೆಯಲ್ಲಿಟ್ಟು ಸಾಗಿಸಬೇಕು."

"ಇಷ್ಟು ದಿನ ಬಿಟ್ಟು ಈಗ ಯಾಕೆ? ಮೊದಲೇ ಒಯ್ಯಬಹುದಿತ್ತು."

"ಮೊದಲ ವಾರಗಳಲ್ಲಿ ಅಲುಗಾಡಿಸಿದರೆ ಒಳಗಿನ ಜೀವ ಸಾಯುತ್ತದೆ. ತಿಂಗಳು ಕಳೆದ ಮೇಲೆ, ಮೊಟ್ಟೆ ಮಗುಚದಂತೆ ಜಾಗ್ರತೆಯಿಂದ ಒಯ್ದರೆ ಬದುಕುವ ಸಾಧ್ಯತೆ ಇದೆ."

"ಇದು ಯಾರಿಗೆಲ್ಲ ಗೊತ್ತು?"

"ನನಗೆ. ಟ್ರಸ್ಟಿನವರಿಗೆ. ಅವರ ಶಿಬಿರದಲ್ಲಿ ಕಲಿತ ಮಕ್ಕಳಿಗೆ."

ಚಂದಯ್ಯ ಎದ್ದು ಮೊಣಕಾಲಿನ ಹೊಯಿಗೆ ಕೊಡವಿಕೊಂಡರು. "ಯಾರೂ ತಿಂದಿಲ್ಲ ಶೆಟ್ರೆ. ವಾಟ್ಸಾಪಿನಲ್ಲಿ ಬರೆದದ್ದನ್ನು ಮೊದಲು ಅಳಿಸಿ."

ಹಿಂದಿರುಗುವಾಗ ಜೀಪು ಹೆದ್ದಾರಿಯ ಒಂದು ಗುಂಡಿಗೆ ಬಿದ್ದು ಎಲ್ಲರೂ ಹಾರಿ ಕುಳಿತರು. ಚಂದಯ್ಯನವರಿಗೆ ಸಿಟ್ಟು ಬಂತು. "ಈ ರಸ್ತೆಯಲ್ಲಿ ಒಂದು ಪೆಟ್ಟಿಗೆ ಮೊಟ್ಟೆಯನ್ನ ಅಲುಗಾಡದ ಹಾಗೆ ಒಯ್ಯುವುದು ಹ್ಯಾಂಗೆ?"

ಪ್ರಣೀತಾ ತಟ್ಟನೆ ತಲೆಯೆತ್ತಿದಳು. "ಸರ್, ನಿನ್ನೆ ಬೆಳಿಗ್ಗೆ ನಾನು ಡ್ಯೂಟಿಗೆ ಲೇಟಾದೆ ಅಲ್ವಾ?"

"ಹೌದು. ಬೈದಿದ್ದೆ."

"ಶಿರೂರಿಂದ ನಮ್ಮ ಬಸ್ಸಿನ ಮುಂದೆ ಒಂದು ಮೀನಿನ ಟೆಂಪೊ ಇತ್ತು. ಎತ್ತಿನ ಗಾಡಿ ಹಾಗೆ ಹೋಗ್ತಿತ್ತು. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ ಅವನ ಅಜ್ಜನವರೆಗೆ ಬೈದ. ಮೀನಿನ ಟೆಂಪೊ ಮೆಲ್ಲ ಹೋದದ್ದನ್ನ ನಾನು ಹುಟ್ಟಿದ ಮೇಲೆ ಕಂಡದ್ದಿಲ್ಲ ಸರ್."

ಚಂದಯ್ಯನವರೂ ಕಂಡಿರಲಿಲ್ಲ. ಮೀನು ಕೆಡುವ ಮೊದಲು ಮಾರುಕಟ್ಟೆ ಮುಟ್ಟಬೇಕಾದ ಗಾಡಿಗಳವು. ಅವುಗಳ ಹಾರ್ನು ಕೇಳಿದರೆ ಜನ ರಸ್ತೆ ಬಿಟ್ಟು ಚರಂಡಿಯ ಬದಿಗೆ ನಿಲ್ಲುತ್ತಾರೆ. ಮರಳಿ ಬರುವಾಗ ಖಾಲಿ ಗಾಡಿಯ ಓಟವಂತೂ ಹೇಳುವುದೇ ಬೇಡ.

"ಹಿಂದೆ ಏನಾದರೂ ಬರೆದಿತ್ತಾ?"

"ಜಲರಾಣಿ ಅಂತ. ನೀಲಿ ಬಣ್ಣದಲ್ಲಿ."

ಮೂರೂವರೆಗೆ 'ಜಲರಾಣಿ' ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನ ಮುಂದೆ ಸಿಕ್ಕಿತು. ಚಾಲಕ ಅನೂಪ್, ಇಪ್ಪತ್ತೈದರ ಹುಡುಗ, ಪೆಟ್ಟಿಗೆ ತೊಳೆಯುತ್ತಿದ್ದ.

"ನಿನ್ನೆ ಬೆಳಿಗ್ಗೆ ಎಂತ ತಂದದ್?"

"ಖಾಲಿ ಪೆಟ್ಗಿ ಸಾರ್. ಭಟ್ಕಳಕ್ಕೆ ಮೀನ್ ಹಾಕಿ ವಾಪಾಸ್ ಬಂದದ್."

"ಖಾಲಿ ಗಾಡಿ ಎಂತಕ್ಕೆ ಅಷ್ಟ್ ಮೆಲ್ಲ ಬಂತ್?"

"ರೋಡ್ ಸಮ ಇಲ್ಲೆ ಸಾರ್."

"ನಿನ್ನೆ ಒಂದ್ ದಿನ ಹಾಳಾದ್ದಾ ರೋಡ್?"

ಅನೂಪ್ ಪೆಟ್ಟಿಗೆಯೊಳಗೆ ನೋಡಿದ.

"ಪಕ್ಕದಗೆ ಯಾರ್ ಕೂಕಂಡದ್?"

"ಅದ್ ಮಾತ್ರ ಕೇಂಬುಕಾಗ. ಮಾತ್ ಕೊಟ್ಟಿದೆ. ಹೊಡಿನಿ ಬೇಕಾರೆ."

"ಹೊಡೂಕೆ ನಂಗೆ ಪುರ್ಸೊತ್ತಿಲ್ಲೆ. ಗುಂಡಿಗೆ ಬಿದ್ದಾಗ ನಿಂಗೆ ಬೈದ್ರಾ?"

"ಬೈದದ್ದಾ! ಶಿರೂರಿಂದ ಇಲ್ಲಿವರಿಗೆ ಬಾಯಿ ನಿಂತದ್ದೇ ಇಲ್ಲೆ. ತೊಡಿ ಮೇಲ್ ಪೆಟ್ಗಿ ಇಟ್ಕಂಡ್, ನಂಗೆ ಗಾಡಿ ಬಿಡುಕೇ ಬತ್ತಿಲ್ಲೆ ಅಂದೇಳಿ..."

"ಬೈಗುಳ ಕಮಲಕ್ಕನ ಬೈಗುಳದ ಹಾಂಗೇ ಇತ್ತಾ?"

ಅನೂಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಚಂದಯ್ಯನವರಿಗೆ ಅಷ್ಟು ಸಾಕಾಯಿತು. ಕೇರಿಯ ಗಂಟು, ಟ್ರಸ್ಟಿನ ಪಾಠ, ಕಮಲಳ ಬಾಯಿ, ಮೂರೂ ಇದ್ದವಳು ಅವಳ ಮಗಳೊಬ್ಬಳೇ.

ಗಂಗೊಳ್ಳಿ ಠಾಣೆಗೆ ತಿಳಿಸಿ, ಐದು ಗಂಟೆಗೆ ಮಡಿಕಟ್ಟೆ ತಲುಪಿದರು. ಕೌಶಲ್ ಕೂಡ ಹಿಂದೆಯೇ ಬಂದರು. ದಂಡೆಯಲ್ಲಿ ಮಗುಚಿಟ್ಟ ದೋಣಿಯ ನೆರಳಿನಲ್ಲಿ ಮೋಕ್ಷಿತಾ ಒಬ್ಬಳೇ ಕುಳಿತಿದ್ದಳು. ಇಪ್ಪತ್ತು ವರ್ಷ, ಕುಂದಾಪುರದ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷ, ಬಿಡುವಿನ ಹೊತ್ತಿಗೆ ಟ್ರಸ್ಟಿನ ಕೆಲಸ. ಸಮವಸ್ತ್ರ ಕಂಡು ಓಡಲಿಲ್ಲ. ಎದ್ದು ನಿಂತು ಇನ್‌ಸ್ಪೆಕ್ಟರರ ಬೂಟುಗಳನ್ನೇ ನೋಡಿದಳು.

"ಸಾರ್, ಆ ಬದಿಗೆ ಕಾಲ್ ಇಡ್ಬೇಡಿ."

ತಪ್ಪೊಪ್ಪಿಗೆ ಅಷ್ಟೇ. ಚಂದಯ್ಯ ಎತ್ತಿದ ಕಾಲನ್ನು ಹಿಂದಕ್ಕಿಟ್ಟರು.

ಜೀಪಿನ ಸದ್ದಿಗೆ ಓಡಿ ಬಂದ ಕಮಲ ಅದನ್ನು ಕೇಳಿಸಿಕೊಂಡಿದ್ದಳು. "ಎಂತ ಅಂದೆ? ಹೆಣೆ, ಎಂತ ಅಂದೆ ನೀನ್?"

"ನಾನೇ ತಂದದ್ ಅಬ್ಬೆ."

"ಬೆಳಿಗ್ಗೆ ಠಾಣೆಯಗೆ ಬೊಬ್ಬೆ ಹೊಡ್ದ್ ಬಂದಿದೆ ನಾನ್! ಕೇರಿಗೇ ಕಳ್ರ್ ಅಂದೇಳಿ ಬೈತಿದ್ರ್. ನೀ ಬಾಯಿ ಮುಚ್ಕಂಡ್ ಕೂಕಂಡಿದ್ಯಾ?"

"ಬೈದ್ರೆ ಕೇರಿ ಸಾಯ್ತಿಲ್ಲೆ ಅಬ್ಬೆ. ಗೊತ್ತಾದ್ರೆ ಶೆಟ್ರ್ ಇನ್ನೊಂದ್ ಸಲ ಅಗೀತ್ರ್. ಆಗ ಮರಿ ಸಾಯ್ತ್. ಮರಿ ಹೊರಗ್ ಬಪ್ಪುವರೆಗೆ ಬೈಸ್ಕಂಬ ಅಂದ್ಕಂಡೆ. ಮತ್ತೆ ನಾನೇ ಹೋಯಿ ಹೇಳ್ತಿದ್ದೆ."

"ಎಂತಕ್ಕೆ ಮಾಡ್ದೆ?" ಚಂದಯ್ಯ ಕೇಳಿದರು.

"ಶಿಬಿರದಗೆ ಶೆಟ್ರೇ ಹೇಳಿದ್ ಸಾರ್. ಹೆಣ್ಣಾಮೆ ಎಷ್ಟ್ ವರ್ಷ ಆದ್ರೂ ತಾನ್ ಹುಟ್ಟಿದ ದಂಡೆ ಹುಡ್ಕಂಡೇ ಮೊಟ್ಟೆ ಇಡುಕೆ ಬತ್ತ್ ಅಂದೇಳಿ. ಇವ್ ಅಲ್ಲ್ ಹುಟ್ಟಿದ್ರೆ ಮುಂದೆ ಅಲ್ಲಿಗೇ ಹೋಪುದ್. ನಮ್ಮ ಮಡಿಕಟ್ಟೆಗೆ ಬತ್ತಿಲ್ಲೆ. ಇವ್ಗಳ ಅಬ್ಬೆ ಬಂದದ್ ಇಲ್ಲಿಗೆ ಅಲ್ದಾ?"

"ಶೆಟ್ರ ಹತ್ರ ಕೇಂಡಿದ್ಯಾ?"

"ಎರಡ್ ಸಲ. ಇಲ್ಲ್ ನಾಯಿ, ಲೈಟ್, ಮೀನ್ ವಾಸ್ನಿ, ದಾನಿಗಳ್ ಬಪ್ಪುಕೆ ಆತ್ತಿಲ್ಲೆ ಅಂದ್ರ್. ನಮ್ಮ ಮಕ್ಳಿಗೆ ತೋರ್ಸುಕೇ ದುಡ್ಡ್ ಬಪ್ಪುದಂಬ್ರ್. ಮರಿ ಬಿಡುವ ದಿನ ನಮ್ಮ ಮಕ್ಳಿಗೇ ಕರೆ ಇಲ್ಲೆ."

ಕಮಲ ಮಗಳನ್ನೇ ನೋಡುತ್ತಿದ್ದಳು. ಹೊಡೆಯುತ್ತಾಳೆ ಎಂದುಕೊಂಡು ಪ್ರಣೀತಾ ನಡುವೆ ಬಂದಳು.

"ಒಂದಾರೂ ಒಡೀತಾ?" ಕಮಲ ಕೇಳಿದಳು.

"ಇಲ್ಲೆ ಅಬ್ಬೆ."

ಕಮಲ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳು ಕುಳಿತಿದ್ದ ಜಾಗದಲ್ಲಿ ಕುಳಿತಳು. "ಇವ್ಳನ್ನ ಕರ್ಕಂಡ್ ಹೋಯ್ನಿ ಸಾರ್. ಇದನ್ನ ನಾ ಕಾಯ್ತೆ. ಯಾರ್ ಹಾರೆ ತತ್ತ್ರ್ ಕಾಂತೆ."

ಹಾರೆ ತಂದವರು ಶೆಟ್ಟರೇ. ಸುದ್ದಿ ತಿಳಿದು ಇಬ್ಬರು ಆಳುಗಳನ್ನು ಕಾರಿನಲ್ಲಿ ತುಂಬಿಕೊಂಡು ಬಂದಿದ್ದರು. ಮೊಟ್ಟೆ ಈಗಲೇ ತೆಗೆಯಿರಿ, ಹದಿನಾರಕ್ಕೆ ಜನ ಬರ್ತಾರೆ ಎಂದು ಕೂಗಿದರು.

"ಇನ್ನೊಮ್ಮೆ ಕದಲಿಸಿದರೆ ಒಂದೂ ಉಳಿಯುವುದಿಲ್ಲ. ಮುಟ್ಟಿದರೆ ನಿಮ್ಮ ಮೇಲೂ ಇದೇ ಕೇಸು" ಎಂದರು ಕೌಶಲ್.

ಶೆಟ್ಟರು ಹುಡುಗಿಯ ಕಡೆ ತಿರುಗಿದರು. "ನನ್ನ ಹತ್ರವೇ ಕಲ್ತ್ ನಂಗೇ ಹೀಂಗ್ ಮಾಡ್ದ್ಯಾ?"

"ಹೌದ್ ಶೆಟ್ರೆ, ನಿಮ್ಮ ಹತ್ರವೇ ಕಲ್ತದ್. ಸಮಾ ಕಲ್ತಿದೆ."

ಹಾರೆಗಳನ್ನು ಕಾರಿನಲ್ಲಿ ಹಾಕಿ ಎಂದು ಶೆಟ್ಟರು ಆಳುಗಳಿಗೆ ಸನ್ನೆ ಮಾಡಿದರು. ಸೂರ್ಯ ಮುಳುಗುವ ಮೊದಲೇ ಪ್ರಣೀತಾ ಮೋಕ್ಷಿತಾಳನ್ನು ಬಂಧಿಸಿ ಜೀಪಿಗೆ ಹತ್ತಿಸಿದಳು. ಕೇರಿಯ ಹೆಂಗಸರು ಸಾಲಾಗಿ ನಿಂತು ನೋಡಿದರು. ಒಬ್ಬರೂ ಅಳಲಿಲ್ಲ. ಜೀಪು ಹೊರಟಾಗ ಒಬ್ಬಳು ಹಿಂದಿನಿಂದ ಕೂಗಿದಳು, "ಹ್ವಾಯ್ ಮೋಕ್ಷಿತಾ, ಊಟ ಬಿಡ್ಬೇಡ!"

ಮರುದಿನ ಕುಂದಾಪುರದ ನ್ಯಾಯಾಲಯ ಜಾಮೀನು ಕೊಟ್ಟಿತು. ಪ್ರತಿ ಭಾನುವಾರ ಠಾಣೆಗೆ ಬಂದು ಸಹಿ ಹಾಕಬೇಕು. ಮೊಟ್ಟೆ ಇದ್ದಲ್ಲೇ ಇರಲಿ, ಅರಣ್ಯ ಇಲಾಖೆಯ ಕಾವಲಿರಲಿ ಎಂದೂ ಆದೇಶವಾಯಿತು. ಎರಡನೆಯ ಆರೋಪಿ ಅನೂಪನಿಗೆ ಕೇಸಿನ ಚಿಂತೆ ಇರಲಿಲ್ಲ. ತನ್ನ ಗಾಡಿ ಬಸ್ಸಿಗಿಂತ ಮೆಲ್ಲ ಹೋಯಿತೆಂದು ಸರ್ಕಾರಿ ಕಾಗದದಲ್ಲಿ ಬಂದದ್ದೇ ಅವನಿಗೆ ಅವಮಾನ.

ದೋಷಾರೋಪ ಪಟ್ಟಿಯ ಕರಡನ್ನು ಚಂದಯ್ಯ ತಾವೇ ಬರೆದರು. ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ಲಾಭವಿಲ್ಲ, ದ್ವೇಷವಿಲ್ಲ. ಕೊನೆಗೆ ಬರೆದರು: 'ತನ್ನ ಊರಿನ ದಂಡೆಗೆ ಬಂದ ಕಡಲಾಮೆಯ ಸಂತತಿ ಮುಂದೆಯೂ ತನ್ನ ಊರಿಗೇ ಬರಲಿ ಎಂಬ ಒಂದೇ ಕಾರಣಕ್ಕೆ ಆರೋಪಿತೆಯು ಈ ಕೃತ್ಯ ಎಸಗಿರುತ್ತಾಳೆ.'

ಪ್ರಣೀತಾ ಓದಿ ನೋಡಿದಳು. "ಸರ್, ಇದು ಚಾರ್ಜ್‌ಶೀಟಾ, ಸನ್ಮಾನ ಪತ್ರವಾ?"

"ಬರೆದದ್ದನ್ನ ಟೈಪ್ ಮಾಡು."

ಮಾರ್ಚ್ ಹದಿನಾರು, ಭಾನುವಾರ. ಸಂಜೆ ಐದಕ್ಕೆ ಮೋಕ್ಷಿತಾ ಠಾಣೆಗೆ ಬಂದು ಸಹಿ ಹಾಕಿದಳು. ಶೆಟ್ಟರು ಅವಳಿಗಾಗಿಯೇ ಕಾದಿದ್ದರು. ರೆಸಾರ್ಟಿನಲ್ಲಿ ದಾನಿಗಳು ಬಂದು ಕುಳಿತಿದ್ದರು. ಖಾಲಿ ಬೇಲಿ ತೋರಿಸಿ ಅವರಿಗೆ ಏನು ಹೇಳುವುದು?

"ಕೂಕೊ ಮಗಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ತಕರಾರಿಲ್ಲೆ ಅಂದೇಳಿ ಕೋರ್ಟಿಗೆ ಬರ್ದ್ ತಂದಿದೆ. ನಿಂಗೆ ಟ್ರಸ್ಟಗೆ ಕಾಯಂ ಕೆಲ್ಸ. ನೀನ್ ಈಗ ಬಂದ್ ಅವ್ರೆದ್ರಿಗೆ ಒಂದೇ ಮಾತ್ ಹೇಳ್. ಮೊಟ್ಟೆ ಮಡಿಕಟ್ಟೆಗೆ ಒಯ್ದದ್ ಟ್ರಸ್ಟಿನ ತೀರ್ಮಾನ ಅಂದೇಳಿ. ಕಾರ್ ಹೊರಗಿತ್ತ್."

"ಮಡಿಕಟ್ಟೆಯರ್ ತಿಂದದ್ದಲ್ಲ ಅಂದೇಳಿ ನೀವ್ ಹೇಳ್ತ್ರ್ಯಾ, ಅವ್ರೆದ್ರಿಗೆ?"

ಶೆಟ್ಟರು ಗಡಿಯಾರ ನೋಡಿದರು. "ಅದೆಲ್ಲ ಈಗ ಎಂತಕ್ಕೆ?"

ಮೋಕ್ಷಿತಾ ಉತ್ತರಿಸುವ ಮೊದಲು ಅವಳ ಫೋನು ಬಡಿಯಿತು. ಕಮಲ. ಇಡೀ ಕೇರಿ ಅಲ್ಲಿದ್ದಿರಬೇಕು, ಆದರೂ ಒಂದು ಸದ್ದಿಲ್ಲ. ಕಮಲ ಕೂಡ ಪಿಸುಗುಟ್ಟುತ್ತಿದ್ದಳು.

"ಹೊಯ್ಗಿ ಕುಸೀತಿತ್ತ್ ಹೆಣೆ. ಒಂದ್ ಮೂತಿ ಕಾಂತಿತ್ತ್. ಬೇಗ ಬಾ."

ಮೋಕ್ಷಿತಾ ಎದ್ದಳು. ಶೆಟ್ಟರಿಗೆ ಕೈ ಮುಗಿದು, ಇನ್‌ಸ್ಪೆಕ್ಟರರ ಕಡೆ ನೋಡಿದಳು. ಚಂದಯ್ಯ ಬಾಗಿಲಿನತ್ತ ತಲೆ ಆಡಿಸಿದರು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳ ದಾಟಿ ಓಡಿದಳು.

"ಬತ್ಲಾ?" ಶೆಟ್ಟರು ಕೇಳಿದರು. ಬರೆದು ತಂದ ಕಾಗದ ಮೇಜಿನ ಮೇಲೆ ಹಾಗೇ ಇತ್ತು.

"ನೀವೂ ಹೋಗಬಹುದಿತ್ತು ಶೆಟ್ರೆ. ನೀವು ಕಲಿಸಿದ್ದು ಏನಾಯಿತೆಂದು ನೋಡಬಹುದಿತ್ತು."

ಶೆಟ್ಟರು ಬಾಗಿಲನ್ನೇ ನೋಡುತ್ತ ಕುಳಿತರು. ಠಾಣೆಯ ದೀಪ ಹತ್ತಿತು, ರಾತ್ರಿ ಪಾಳಿಯ ಪೊಲೀಸರು ಬಂದರು. ರೆಸಾರ್ಟಿನಿಂದ ಮೂರು ಸಲ ಫೋನು ಬಂತು. ಅವಳು ಬರಲಿಲ್ಲ.